600 ರೂಪಾಯಿಯ ಕಣ್ಣು

ನ್ಯೂಜೆರ್ಸಿಯಿಂದ ಸಂಸಾರ ಸಮೇತ ಇಳಕಲ್ಲಿಗೆ ಬಂದ ಮಗ ಮೂರನೆಯ ದಿನ ಊಟದ ಹೊತ್ತಿಗೆ ಒಂದು ಹಾಳೆ ಹರಡಿದ. ಬೆಳಿಗ್ಗೆ 6ಕ್ಕೆ ಹೊರಡುವುದು, ಐಹೊಳೆ, ಪಟ್ಟದಕಲ್ಲು, ಬಾದಾಮಿ, ಬನಶಂಕರಿ, ರಾತ್ರಿ 8ಕ್ಕೆ ವಾಪಸ್ಸು. ಮೂತ್ರಕ್ಕೂ ನಿಮಿಷ ಗೊತ್ತುಮಾಡಿದ್ದ. "ಹುಡುಗಗ ಇದು ಫಾರಿನ್ ಟ್ರಿಪ್ ಅಪ್ಪಾ, ಪ್ಲ್ಯಾನ್ ಇಲ್ಲದ ಆಗೂದಿಲ್ಲ" ಎಂದ. ಅರವತ್ತೆಂಟು ವರ್ಷ ನಾನು ಫಾರಿನ್ನಿನಲ್ಲೇ ಬದುಕಿದ್ದೆ ಎಂಬುದು ನನಗೆ ತಿಳಿದದ್ದು ಆಗಲೇ.

ಪ್ಲ್ಯಾನು ಕೆಡಿಸಿದವನು ಆ ಹುಡುಗನೇ. ಅವನ ನಿದ್ದೆ ಇನ್ನೂ ಸಮುದ್ರ ದಾಟಿರಲಿಲ್ಲ. ರಾತ್ರಿ 2ಕ್ಕೆ ಎದ್ದು ಅಜ್ಜಿಯ ಕೈಲಿ ಅವಲಕ್ಕಿ ಹಚ್ಚಿಸಿಕೊಂಡು ತಿಂದು, ಹೊರಡುವ ಹೊತ್ತಿಗೆ ಗೊರಕೆ ಹೊಡೆಯುತ್ತಿದ್ದ. ಕೌದಿ ಸಮೇತ ಎತ್ತಿ ಕಾರಿನಲ್ಲಿ ಮಲಗಿಸಿದಾಗ 9 ಗಂಟೆ. ಹುನಗುಂದ ದಾಟಿ ಅಮೀನಗಡದಲ್ಲಿ ಕರದಂಟಿಗೆ ಇಳಿದೆವು. ಅಮೀನಗಡ ಹಾಳೆಯಲ್ಲಿರಲಿಲ್ಲ, ನಿಜ. ಆದರೆ ಅಲ್ಲಿ ನಿಲ್ಲದೆ ಮುಂದೆ ಹೋದ ನೆಂಟರ ಕಾರನ್ನು ನಾನಂತೂ ಕಂಡಿಲ್ಲ.

ಐಹೊಳೆಯಲ್ಲಿ ನನ್ನ ಹೆಂಡತಿ ಸೆರಗು ಹೊದ್ದು, ಚೀಲದಿಂದ ಕಾಯಿ ತೆಗೆದು, ದುರ್ಗಾ ಗುಡಿಯನ್ನು ಒಂದು ಸುತ್ತು ಹಾಕಿ ಬಂದಳು. "ದುರ್ಗವ್ವ ಎಲ್ಲಿ?" ದುರ್ಗ ಅಂದರೆ ಇಲ್ಲಿ ಕೋಟೆ, ಅದರ ಪಕ್ಕದ ಗುಡಿಯಾದ್ದರಿಂದ ಆ ಹೆಸರು, ದುರ್ಗವ್ವನ ಗುಡಿ ಇದಲ್ಲ ಎಂದು ತಿಳಿಸಿ ಹೇಳಿದೆ. "ಹಂಗಾರ ಈ ಕಾಯಿ?" ಪಟ್ಟದಕಲ್ಲಿನ ವಿರೂಪಾಕ್ಷನಿಗೆ ಒಡೆಯಬಹುದೆಂದೆ. ಹೆಣ್ಣದೇವರಿಗೆ ಬೇಡಿಕೊಂಡ ಕಾಯಿ ಗಂಡದೇವರಿಗೆ ಒಡೆಯಲು ಬರುವುದಿಲ್ಲವಂತೆ. ಬನಶಂಕರಿಯವರೆಗೆ ಅದನ್ನು ಹೊರುವ ಪಾಳಿ ನನಗೆ ಬಂತು.

ಆದರೆ ಅಂದಿನ ನಿಜವಾದ ಪೂಜೆ ನಡೆದದ್ದು ಟಿಕೆಟ್ಟಿನ ಕಿಂಡಿಯಲ್ಲಿ. ನಾನು "ನಾಲ್ಕು" ಎಂದು ನೂರರ ನೋಟು ಚಾಚಿದ್ದೆ. ಮಗ ನನ್ನನ್ನು ಸರಿಸಿ, "ನಾ ಅಮೆರಿಕನ್ ಸಿಟಿಜನ್ ಅದೀನ್ರಿ" ಎಂದು ತಾನಾಗಿಯೇ ಒಪ್ಪಿಕೊಂಡ. ಪೊಲೀಸರು ಹುಡುಕಿಕೊಂಡು ಬರುವ ಮೊದಲೇ ಠಾಣೆಗೆ ಹೋದವನ ಹಾಗೆ. ನಮಗೆ 25, ಅವನಿಗೆ 300. ಸೊಸೆಯದು ಇನ್ನೂ ಭಾರತದ ಪಾಸ್‌ಪೋರ್ಟು, ಆದ್ದರಿಂದ 25. ಹದಿನೈದು ತುಂಬದ ಮಕ್ಕಳಿಗೆ ಟಿಕೆಟ್ಟಿಲ್ಲ, ಕೌದಿಯಲ್ಲಿದ್ದವನು ಪುಕ್ಕಟೆ. ಕಿಂಡಿಯಲ್ಲಿದ್ದ ಹುಡುಗನಿಗೇ ಸಂಕಟವಾಗಿ, ಓಸಿಐ ಕಾರ್ಡಿದ್ದರೆ ನಮ್ಮ ದರವೇ ನಡೆಯುತ್ತದೆ ಎಂದ. ಕಾರ್ಡು ಇಳಕಲ್ಲಿನಲ್ಲಿ, ಸೂಟ್‌ಕೇಸಿನ ತಳದಲ್ಲಿತ್ತು.

"ಓಸಿ ಕಾರ್ಡ?" ಹೆಂಡತಿಯ ದನಿ ಏರಿತು. "ನಮ್ಮ ಮನಿತನದಾಗ ಯಾರೂ ಓಸಿ ಆಡಿದವರಲ್ಲ!" ಮಟಕಾದ ಓಸಿಗೂ ಈ ಓಸಿಐಗೂ ಸಂಬಂಧವಿಲ್ಲವೆಂದು ಬಿಡಿಸಿ ಹೇಳುವಷ್ಟರಲ್ಲಿ ಹಾಳೆಯ ಪ್ರಕಾರ ನಾವು ಬಾದಾಮಿಯಲ್ಲಿರಬೇಕಿತ್ತು.

ಪಟ್ಟದಕಲ್ಲಿನಲ್ಲಿ ದರ ಇನ್ನೂ ಏರಿತು. 1987ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಜಾಗ ಅದು. ನಮಗೆ 40, ಅವನಿಗೆ 600. ಅಲ್ಲಿಂದ ಮುಂದೆ ಅವನ ತಾಯಿ ಅವನನ್ನು ಬಿಡಲಿಲ್ಲ. ಬೇವಿನ ನೆರಳಿಗೆ ನಾನು ರೊಟ್ಟಿಗಂಟು ಬಿಚ್ಚಿದರೆ, ಅವನೂ ಬಂದು ಕುಕ್ಕರಿಸಿದ. "ಏಳು! 40 ಕೊಟ್ಟವರು ನಾವು ಕುಂತೀವಿ. ನೀ 600 ಕೊಟ್ಟೀದಿ, ಹೋಗಿ ಪ್ರತಿ ಕಂಬಾ ನೋಡಿ ಬಾ." ಅವಳ ಲೆಕ್ಕದಲ್ಲಿ ಅವನು ನಮಗಿಂತ ಹದಿನೈದು ಪಟ್ಟು ನೋಡಬೇಕಿತ್ತು. ಪಾಪ, ಬಿಸಿಲಿನಲ್ಲಿ ನೋಡಿದ. ಬಡಗಣಕ್ಕೆ ಹರಿಯುವ ಮಲಪ್ರಭೆಯನ್ನೂ ನೋಡಿ ಬಂದು, ಸಾಲ ತೀರಿತೇ ಎಂಬಂತೆ ತಾಯಿಯ ಮುಖ ನೋಡಿದ.

ಆಮೇಲೆ ಗುಡಿಗಳ ಕಥೆ ಹೇಳುವ ಸರದಿ ನನ್ನದು. ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದು ಬಂದದ್ದಕ್ಕೆ ರಾಣಿ ಲೋಕಮಹಾದೇವಿ ವಿರೂಪಾಕ್ಷ ಗುಡಿ ಕಟ್ಟಿಸಿದಳು, ಪಕ್ಕದ ಮಲ್ಲಿಕಾರ್ಜುನ ಅವಳ ತಂಗಿ, ಸವತಿಯೂ ಆದ ತ್ರೈಲೋಕ್ಯಮಹಾದೇವಿಯದು ಎಂದೆ. ಹೆಂಡತಿ ಎರಡೂ ಗೋಪುರಗಳನ್ನು ಅಳೆದಳು. "ಅಕ್ಕ ಕಟ್ಟಿಸಿದ್ಲಂತ ತಂಗಿ ಹಠಾ ಹಿಡದಾಳ. ಅವನರ ಕಂಚಿ ಗೆದ್ದು ಬಂದಿದ್ದ, ನೀವೇನ ಗೆದ್ದೀರಿ?" ಬ್ಯಾಂಕಿನ ಕೇರಂ ಪಂದ್ಯದಲ್ಲಿ ಗೆದ್ದ ಸ್ಟೀಲಿನ ಡಬ್ಬಿಯನ್ನು ನೆನಪಿಸುವ ಧೈರ್ಯವಾಗಲಿಲ್ಲ. ಉಪ್ಪು ಇಡಲು ಅವಳೇ ಬಳಸುತ್ತಾಳೆ.

ಬಾದಾಮಿಗೆ ಬಂದಾಗ 4 ಗಂಟೆ. ಮೊಮ್ಮಗ ಕಣ್ಣು ಬಿಟ್ಟ. ಒಂದನೆಯ ಗುಹೆಯ ನಟರಾಜನ ಕೈಗಳನ್ನು ಎಣಿಸಿ ಹದಿನೇಳೆಂದ. ಹದಿನೆಂಟು ಕಣೋ ಎಂದರೆ ಒಪ್ಪದೆ ಮತ್ತೆ ಮೊದಲಿಂದ. ಮೂರನೆಯ ಗುಹೆಯಲ್ಲಿ, ಇದನ್ನು ಕೊರೆದದ್ದು ಕ್ರಿ.ಶ. 578ರಲ್ಲಿ, ಶಾಸನದಲ್ಲೇ ಇದೆ ಎಂದು ಮಗ ಮಗನಿಗೆ ಇಂಗ್ಲಿಷಿನಲ್ಲಿ ಪಾಠ ಹೇಳುತ್ತಿದ್ದ. ನನ್ನ ಹೆಂಡತಿ ನೇಕಾರರ ಮನೆಯ ಮಗಳು, ಸೆರಗಿಗೆ ಕೊಂಡಿ ಹಾಕುವುದನ್ನು ನೋಡುತ್ತ ಬೆಳೆದವಳು. ಕಂಬದ ಮೇಲಿನ ದಂಪತಿಗಳನ್ನು ಕತ್ತೆತ್ತಿ ಬಹಳ ಹೊತ್ತು ನೋಡಿ, "ಮೈತುಂಬ ಒಡವಿ ಐತಿ, ಸೆರಗs ಇಲ್ಲ" ಎಂದು ತೀರ್ಪು ಕೊಟ್ಟಳು. ಇಷ್ಟು ಚಿಕ್ಕ ವಿಮರ್ಶೆಯನ್ನು ಕಲೆಯ ಪುಸ್ತಕಗಳಲ್ಲಿ ನಾನು ಓದಿಲ್ಲ.

ಇಳಿಯುವಾಗ ಮೆಟ್ಟಿಲ ಪಕ್ಕದಿಂದ ಮಂಗವೊಂದು ಬಂತು. ಬಾದಾಮಿಯ ಮಂಗಗಳಿಗೆ 25 ಕೊಟ್ಟವರು, 300 ಕೊಟ್ಟವರು ಎಂಬ ಭೇದವಿಲ್ಲ. ಚೀಲ ಯಾರ ಕೈಯಲ್ಲಿದೆ ಎಂಬುದಷ್ಟೇ. ನನ್ನ ಕೈಯಲ್ಲಿತ್ತು. ಕಿತ್ತುಕೊಂಡು ಬಂಡೆ ಏರಿ, ಕಾಯಿ ತೆಗೆದು, ಜುಟ್ಟು ಹಿಡಿದು ಜಗ್ಗುವಾಗ ಕಾಯಿ ಜಾರಿತು. ಕೆಂಪು ಕಲ್ಲಿನ ಮೇಲೆ ಬಿದ್ದು ಎರಡು ಹೋಳಾಯಿತು, ಹಾಳೆಯಲ್ಲಿ ಎಳೆದ ಗೆರೆಯಂತೆ ಸರಿ ಅರ್ಧಕ್ಕೆ. ಮೊಮ್ಮಗ ಚಪ್ಪಾಳೆ ತಟ್ಟಿದ. ಬೈಗುಳಕ್ಕೆ ನಾನು ತಲೆ ತಗ್ಗಿಸಿ ನಿಂತೆ. ಹೆಂಡತಿ ಮಾತ್ರ ಮಂಗವನ್ನೇ ನೋಡುತ್ತಿದ್ದಳು. ಅದರ ಹೊಟ್ಟೆಗೆ ಮರಿ ಅಪ್ಪಿಕೊಂಡಿತ್ತು.

"ಹೆಣ್ಣs ಐತಿ, ಮುಟ್ಟಿತು" ಎಂದು ಕೈ ಮುಗಿದಳು.

ಬನಶಂಕರಿಯಲ್ಲಿ ಬರಿಗೈಲೇ ದರ್ಶನ ಮುಗಿಸಿ ಹೊರಬಂದರೆ, ಬುಟ್ಟಿಯ ಹೆಂಗಸರು ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರು ಇಟ್ಟುಕೊಂಡು ಕೂತಿದ್ದರು. ಟಿಕೆಟ್ಟಿಲ್ಲದ ಜಾಗದಲ್ಲಿ ಮಗನಿಗೆ ಎಲ್ಲಿಲ್ಲದ ಹುರುಪು. ಒಬ್ಬ ಅಜ್ಜಿಯ ಮುಂದೆ ಚಕ್ಕಳಮಕ್ಕಳ ಹಾಕಿದ.

"ಯಾವೂರಪಾ?"

"ಇಳಕಲ್ಲ" ಎಂದ, ದಿನವಿಡೀ ತಡೆದಿಟ್ಟುಕೊಂಡಿದ್ದವನಂತೆ. ಎರಡು ರೊಟ್ಟಿ ಹೆಚ್ಚೇ ತಿಂದ. ಎಷ್ಟೆಂದು ಕೇಳಿದ, ಅಜ್ಜಿ ಹೇಳಿದಳು. ಚೌಕಾಸಿ ಮಾಡದೆ ಐನೂರರ ನೋಟು ಕೊಟ್ಟು, ಚಿಲ್ಲರೆ ಇರಲಿ ಬಿಡಬೇ ಎಂದು ಎದ್ದ.

ಅಜ್ಜಿ ನೋಟನ್ನು ನೋಡಿ, ಅವನನ್ನು ನೋಡಿ, ನನ್ನ ಹೆಂಡತಿಯ ಕಡೆ ತಿರುಗಿದಳು.

"ಹುಟ್ಟಿದ್ದು ಇಳಕಲ್ಲ ಇರಬೇಕು. ಈಗ ಎಲ್ಲಿ ಅದಾನವ್ವಾ?"