ನಿಯತ್ತಿನ ನಕಲು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸುತ್ತಿ ನಾನು ಕಟ್ಟಿದ ವೆಬ್‌ಸೈಟನ್ನು ಪುಣ್ಯಾತ್ಮನೊಬ್ಬ ಇಡಿಯಾಗಿ ಎತ್ತಿಕೊಂಡಿದ್ದಾನೆ. ಚುಂಚನಕಟ್ಟೆ ಜಲಪಾತ, ಬೆಟ್ಟದಪುರದ ಬೆಟ್ಟ, ಕಬಿನಿ ಹಿನ್ನೀರು, ಫೋಟೊ ಮೂಲೆಯಲ್ಲಿದ್ದ ನಮ್ಮ ಭಾವನ ಬೋಳುತಲೆ ಸಮೇತ! ‘ಅನುಮತಿಯಿಲ್ಲದೆ ನಕಲು ಮಾಡಬಾರದು’ ಎಂಬ ಸಾಲನ್ನೂ ಬಿಟ್ಟಿಲ್ಲ, ಅಂಥ ನಿಯತ್ತು.

ಫೋನ್ ಮಾಡಿದರೆ, “ಪುಗಸಟ್ಟೆ ಪ್ರಚಾರ ಸಾರ್, ಖುಷಿಪಡಿ” ಅಂದ. ಖುಷಿಪಟ್ಟವರು ಭಾವ ಮಾತ್ರ, ಎರಡೆರಡು ಕಡೆ ಬಂದಿದ್ದಾರಲ್ಲ!

1957ರ ಕೃತಿಸ್ವಾಮ್ಯ ಕಾಯ್ದೆ ನಮ್ಮ ಪರವೇ ಇದೆ. ಕದ್ದ ಪುಟಕ್ಕೆ ಲಿಂಕು ಕೊಡುವ ಕಂಪನಿಗೆ ಲಿಖಿತ ದೂರು ಕೊಟ್ಟರೆ, ಒಪ್ಪಿಗೆಯಾದಲ್ಲಿ 36 ಗಂಟೆಯೊಳಗೆ ತಡೆಯುತ್ತಾರೆ. 21 ದಿನದೊಳಗೆ ಕೋರ್ಟಿನ ಆದೇಶ ತರದಿದ್ದರೆ ಮಾಲು ಮತ್ತೆ ಅಂಗಡಿಗೆ ಬರಬಹುದು. ಹಾಗಾಗಿ ಮಹರಾಯರೇ, ಜಗಳಕ್ಕೆ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.