ಮಾನ್ಯ ಅಧ್ಯಕ್ಷರು

ಬೆಂಗಳೂರಿನ ಅಂಚಿನಲ್ಲಿ ಯಾವ ಕೆರೆ ಇನ್ನೂ ಉಳಿದಿದೆಯೋ ಅದರ ದಡದಲ್ಲೊಂದು ಸಂರಕ್ಷಣಾ ಸಮಿತಿ ಇರುತ್ತದೆ. ಸಮಿತಿಗೊಬ್ಬರು ಅಧ್ಯಕ್ಷರು ಇರುತ್ತಾರೆ. ಲೆಟರ್‌ಹೆಡ್ಡಿನ ಎಡಮೂಲೆಯಲ್ಲಿರುತ್ತಾರೆ, ಫ್ಲೆಕ್ಸಿನಲ್ಲಿ ಕೆರೆಗಿಂತ ದೊಡ್ಡದಾಗಿರುತ್ತಾರೆ, ವಾಟ್ಸಾಪ್ ಗುಂಪಿನಲ್ಲಿ ಎತ್ತಿದ ಹೆಬ್ಬೆರಳಾಗಿರುತ್ತಾರೆ. ಸಭೆಯಲ್ಲಿ ಮಾತ್ರ ಇರುವುದಿಲ್ಲ.

ನಮ್ಮವರನ್ನು ಆರಿಸಿದ ಬಗೆ ಕೇಳಿದರೆ ನಿಮ್ಮಲ್ಲೂ ಹಾಗೇ ಆಗಿದ್ದು ಎನ್ನುತ್ತೀರಿ. 1960ರ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಸಂಘ ಕಟ್ಟಲು ಏಳು ಜನ ಸಾಕು. ಬೆಳಗಿನ ವಾಕಿಂಗಿನಲ್ಲಿ ಆರು ಜನ ಸಿಕ್ಕರು: ನಿವೃತ್ತ ಮೇಷ್ಟ್ರು, ಜೆರಾಕ್ಸ್ ಅಂಗಡಿಯ ಅಕ್ಕ, ಇಬ್ಬರು ಸಾಫ್ಟ್‌ವೇರಿನವರು, ಹಳೇ ನೀರುಗಂಟಿಯ ಮೊಮ್ಮಗ, ಮತ್ತೆ ನಾನು. ಏಳನೆಯವರು ನಿವೃತ್ತ ದೊಡ್ಡ ಅಧಿಕಾರಿ. ವಿಧಾನಸೌಧದಲ್ಲಿ ಯಾವ ಬಾಗಿಲನ್ನು ತಳ್ಳಬೇಕು, ಯಾವುದನ್ನು ಎಳೆಯಬೇಕು ಎಂದು ಬಲ್ಲವರು. "ನನಗ್ಯಾಕಪ್ಪಾ ಇದೆಲ್ಲ, ಯುವಕರು ಆಗ್ಲಿ" ಎಂದು ಮೂರು ಸಲ ಅಂದರು. ನಾಲ್ಕನೆಯ ಸಲ ಬಾಯಿ ತೆರೆಯುವ ಮುಂಚೆ ಮೇಷ್ಟ್ರು ಹಾರ ಹಾಕಿಬಿಟ್ಟರು.

ಆಮೇಲೆ ಶುರುವಾಯಿತು. ಸಭೆಯ ಹೊತ್ತಿಗೆ ಫೋನ್ ಮಾಡಿದರೆ, "ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿದ್ದೀನಿ, ನೀವು ಶುರು ಮಾಡಿ." ಆ ಸಿಗ್ನಲ್ಲಿನ ವಿಷಯದಲ್ಲಿ ಬೆಂಗಳೂರಿನ ಯಾರೂ ಯಾರನ್ನೂ ಅನುಮಾನಿಸುವಂತಿಲ್ಲ. ಸಿಗ್ನಲ್ ಇಲ್ಲದಿದ್ದರೆ ಮೊಣಕಾಲು ನೋವು, ಅದೂ ಇಲ್ಲದಿದ್ದರೆ ಡಲ್ಲಾಸಿನಲ್ಲಿ ಮಗಳ ಬಾಣಂತನ. ಬಾಣಂತನ ಯಜಮಾನತಿಯವರದ್ದು, ನಿಜ. ಆದರೆ ಆರು ತಿಂಗಳು ಇವರೂ ಅಲ್ಲೇ. ಅಲ್ಲಿಂದ ಪ್ರತಿದಿನ ಒಂದು ಸುಭಾಷಿತ ಬರುತ್ತಿತ್ತು.

ಅವರು ಬರುವುದೇ ಇಲ್ಲ ಎಂದರೆ ಅಪಚಾರವಾದೀತು. ಶಾಸಕರು ಬರುವ ದಿನ ಬರುತ್ತಾರೆ. ಜೂನ್ 5ಕ್ಕೆ ಗಿಡ ನೆಡಲು ಬರುತ್ತಾರೆ, ಹೋದ ವರ್ಷ ನೆಟ್ಟ ಜಾಗದಲ್ಲೇ ಮತ್ತೊಂದು ನೆಡುತ್ತಾರೆ. ಮೈಸೂರು ಪೇಟ ಅವರ ತಲೆಗೆ ತುಂಬ ಒಪ್ಪುತ್ತದೆ. ಭಾಷಣವೂ ಚೆನ್ನ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾದದ್ದು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದದ್ದು ಹೇಳುವಾಗ ಅವರ ಗಂಟಲು ಕಟ್ಟುತ್ತದೆ, ನಮ್ಮದೂ. ಹಿಂದುಗಡೆ ಕೋಡಿಯ ಪಕ್ಕ ಟ್ರ್ಯಾಕ್ಟರಿನವನು ಮಣ್ಣು ಸುರಿದು ಹೋಗಿರುತ್ತಾನೆ.

ಈ ಗೈರುಹಾಜರಿಯ ಬಿಲ್ಲು ಕಂತಿನಲ್ಲಿ ಬರುತ್ತದೆ. 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಮೀಸಲು ಬಿಡಬೇಕೆಂದು ಹೇಳಿತು. ಮೊದಲಿದ್ದದ್ದು 30. ಮೇಷ್ಟ್ರು ಆ ವಾರವೇ ಮುದ್ದಾದ ಅಕ್ಷರದಲ್ಲಿ ಮನವಿ ಬರೆದರು: ನಮ್ಮ ಕೆರೆಗೂ ಅಳೆದು ಗುರುತು ಹಾಕಿಕೊಡಿ ಎಂದು. ಅಧ್ಯಕ್ಷರು, "ಕಳಿಸಬೇಡಿ ಮೇಷ್ಟ್ರೇ, ನಾನೊಂದು ಸಲ ಕಣ್ಣಾಡಿಸ್ತೀನಿ" ಅಂದರು. ಕಣ್ಣಾಡಿಸಿ, ಎರಡು ಅಲ್ಪವಿರಾಮ ಸೇರಿಸಿ, ಸಹಿ ಹಾಕಿ ಮನವಿ ವಾಪಸ್ ಬರುವ ಹೊತ್ತಿಗೆ 2019ರ ಮಾರ್ಚ್ ಆಗಿತ್ತು. ಸುಪ್ರೀಂ ಕೋರ್ಟು ಆ 75 ಮೀಟರನ್ನು ರದ್ದು ಮಾಡಿತ್ತು. ಅಲ್ಪವಿರಾಮಗಳು ಮಾತ್ರ ಸರಿಯಾದ ಜಾಗದಲ್ಲಿದ್ದವು.

ಒತ್ತುವರಿ ಅಳೆಯಲು ಸರ್ವೇಯರ್ ಬಂದ ದಿನದ್ದು ಇನ್ನೊಂದು ಕಂತು. ಒತ್ತುವರಿದಾರ ವಕೀಲರು, ನಕ್ಷೆ, ಎಳನೀರು ಸಮೇತ ಹಾಜರಿದ್ದ. "ಸಮಿತಿ ಪರವಾಗಿ ಮಹಜರಿಗೆ ಸಹಿ ಯಾರು ಮಾಡ್ತೀರಿ?" ಎಂದರು ಸರ್ವೇಯರ್. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಧ್ಯಕ್ಷರು ಸಿಗ್ನಲ್‌ನಲ್ಲಿದ್ದರು. ಸರ್ವೇಯರ್ ಎಳನೀರು ಕುಡಿದು ಮುಂದಿನ ದಿನಾಂಕ ತಿಳಿಸುತ್ತೇವೆಂದು ಹೋದರು. ಮುಂದಿನ ದಿನಾಂಕದ ಹೊತ್ತಿಗೆ ಪಾಯ ಇದ್ದಲ್ಲಿ ಗೋಡೆ, ಗೋಡೆಯ ಮೇಲೆ ದೃಷ್ಟಿಬೊಂಬೆ. ಚೆಕ್ಕಿಗೂ ಜಂಟಿ ಸಹಿಯಾದ್ದರಿಂದ ಜೊಂಡು ಕಿತ್ತವರ ಕೂಲಿ ಮೇಷ್ಟ್ರ ಪಿಂಚಣಿಯಿಂದ ಹೋಗುತ್ತದೆ. ಸಾಫ್ಟ್‌ವೇರಿನವರಿಬ್ಬರೂ ಗುಂಪು ಬಿಟ್ಟರು. ನೀರುಗಂಟಿಯ ಮೊಮ್ಮಗ ಬಿಡಲಿಲ್ಲ, ಬರುವುದನ್ನು ನಿಲ್ಲಿಸಿದ. ಆ ಕೆರೆಯ ತೂಬು ಎಲ್ಲಿದೆಯೆಂದು ಸರಿಯಾಗಿ ಗೊತ್ತಿದ್ದದ್ದು ಅವನೊಬ್ಬನಿಗೇ.

ಇಷ್ಟಾದರೂ ಬೈಗುಳವನ್ನೆಲ್ಲ ಅವರೊಬ್ಬರ ತಲೆಗೇ ಕಟ್ಟುವುದು ನ್ಯಾಯವಲ್ಲ. ಮಾಹಿತಿ ಹಕ್ಕಿನ ಅರ್ಜಿಯನ್ನೇ ನೋಡಿ. 2005ರ ಆ ಕಾಯ್ದೆ ಹಕ್ಕು ಕೊಟ್ಟಿರುವುದು ನಾಗರಿಕನಿಗೆ, ಸಮಿತಿಗಲ್ಲ. ಹತ್ತು ರೂಪಾಯಿ, ಒಂದೇ ವಿಷಯ, ಕರ್ನಾಟಕದ ನಿಯಮದಂತೆ 150 ಪದ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಅಕ್ಕ ತನ್ನ ಅಂಗಡಿಯಲ್ಲೇ ಕೂತು ಹಾಕಬಹುದಿತ್ತು. ಯಾರೂ ಹಾಕಲಿಲ್ಲ. ಅರ್ಜಿಯ ಕೆಳಗೆ ಹೆಸರು, ವಿಳಾಸ ಬರೆಯಬೇಕಲ್ಲ. ಒತ್ತುವರಿದಾರನ ಮನೆ ಪಕ್ಕದ ರಸ್ತೆಯಲ್ಲೇ ಇದೆ. "ಅಧ್ಯಕ್ಷರು ಬರ್ಲಿ, ನೋಡೋಣ" ಎನ್ನುವಾಗ ನಮ್ಮೆಲ್ಲರ ಮುಖದಲ್ಲಿ ಎಂಥ ನೆಮ್ಮದಿ! ಅವರು ದಿನಾ ಬರುವಂತಾಗಿದ್ದರೆ ನಮಗೆ ಬಹಳ ತೊಂದರೆಯಾಗುತ್ತಿತ್ತು.

ಕೊನೆಗೆ ವಾರ್ಷಿಕ ಸಭೆಯಲ್ಲಿ ಮೇಷ್ಟ್ರು ಧೈರ್ಯ ಮಾಡಿ ಬದಲಾವಣೆಯ ಮಾತೆತ್ತಿದರು. "ಹಿರಿಯರು, ಬೇಜಾರು ಮಾಡ್ಕೋತಾರೆ" ಎಂದರು ಅಕ್ಕ. "ಹಾಗಾದ್ರೆ ನೀವೇ ಆಗಿ" ಎಂದರೆ ಅಂಗಡಿ ಯಾರು ನೋಡ್ಕೊಳ್ಳೋದು ಎಂದರು. ನನ್ನತ್ತ ಎಲ್ಲರೂ ತಿರುಗಿದಾಗ ನಾನು ಕೇಸರಿಬಾತಿನ ದ್ರಾಕ್ಷಿ ಹುಡುಕುತ್ತಿದ್ದೆ. ಅಧ್ಯಕ್ಷರನ್ನು ಅವರ ಅನುಪಸ್ಥಿತಿಯಲ್ಲಿ ಅವಿರೋಧವಾಗಿ ಮರು ಆಯ್ಕೆ ಮಾಡಿ, ಕೆಲಸ ಮಾಡಲಿಕ್ಕೆ ಬೇರೆಯಾಗಿ ಒಬ್ಬ ಕಾರ್ಯಾಧ್ಯಕ್ಷರು ಇರಲಿ ಎಂದು ತೀರ್ಮಾನಿಸಿದೆವು. ನಮ್ಮ ಬೈಲಾದಲ್ಲಿ ಅಂಥ ಹುದ್ದೆಯಿಲ್ಲ. ತಿದ್ದುಪಡಿಗೆ ವಿಶೇಷ ಸಭೆ ಕರೆಯಬೇಕು. ನೋಟಿಸು ತಯಾರಾಗಿ ಮೇಷ್ಟ್ರ ಚೀಲದಲ್ಲಿದೆ. ಅದಕ್ಕೆ ಅಧ್ಯಕ್ಷರ ಸಹಿ ಆಗಬೇಕು.