ನನ್ನ ಹೊಟ್ಟ್ಯಾಗ ಕೌದಿ ಅದರಿ

ಜೇವರ್ಗಿ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲೊಂದು ರಿಪೇರಿ ಅಂಗಡಿ. ಅದರ ಕಟ್ಟೆಯ ಮೇಲೆ ಗೋಣಿಚೀಲ ಹೊದ್ದು ಕುಳಿತಿತ್ತು ಒಂದು ಸ್ಪೀಕರ್ ಡಬ್ಬಿ. ಒಂದೂವರೆ ಅಡಿ ಎತ್ತರ, ಹಳೆಯ ಟ್ರಂಕಿನ ಹಿಡಿಕೆ, ಹಣೆಯ ಮೇಲೆ ‘1000 ವ್ಯಾಟ್’ ಎಂಬ ಸ್ಟಿಕ್ಕರು. ಬೈಕಿನ ಹಿಂದೆ ಕಟ್ಟಿಸಿಕೊಂಡು ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕು ತಿರುಗಿದ ಜೀವ. ಧೂಳು ಒರೆಸಿ ಮಾತಿಗೆಳೆದೆ. ಸ್ವಿಚ್ಚು ಒತ್ತುವ ಮೊದಲೇ ಶುರು ಮಾಡಿತು.

ತಮ್ಮ ಹುಟ್ಟು?

ಎಲೆಕ್ಷನ್ ಮುಗಿದ ಮರುದಿನರಿ. ರಸ್ತಾದಾಗ ಒಂದು ಪ್ಲೈವುಡ್ ಕಟೌಟ್ ಬಿದ್ದಿತ್ತು, 12 ಎಂ.ಎಂ. ದಪ್ಪ, ಭಾರೀ ಗಟ್ಟಿ ಮಾಲು. ನಮ್ಮ ಮಾಲಕ ರಾತ್ರೋರಾತ್ರಿ ಕೊಯ್ದು ನನ್ನ ಮಾಡ್ಯಾನ. ಒಳಗ ಇಣುಕಿದ್ರ ಇವತ್ತಿಗೂ ಅರ್ಧ ನಮಸ್ಕಾರ ಕಾಣ್ತದ. ಯಾವ ಪಾರ್ಟಿ ಅಂತ ಕೇಳಬ್ಯಾಡ್ರಿ, ಮಾರಿ ಇನ್ನೊಂದು ಡಬ್ಬಿಗಿ ಹೋಗ್ಯಾದ.

ಒಟ್ಟು ಖರ್ಚು?

ಎರಡು ಸಾವಿರದ ಒಳಗ. ಸ್ಪೀಕರ್ ಗುಜರಿ ಕಾರಿಂದು, ಆರು ಇಂಚು, ನಾಲ್ಕು ಓಮ್. ಬ್ಯಾಟರಿ ಕಂಪ್ಯೂಟರ್ ಯುಪಿಎಸ್‌ನಾಗ ಇರ್ತದಲ್ಲ ಅದು, 12 ವೋಲ್ಟ್, 7 ಆಂಪಿಯರ್-ಅವರ್. ನನ್ನ ತೂಕದಾಗ ಎರಡು ಕಿಲೋ ಮ್ಯಾಲ ಅದರದೇ. ಆಂಪ್ಲಿಫೈಯರ್ ಬೆಂಕಿಪೊಟ್ಣದಷ್ಟು ಬೋರ್ಡು, ‘ಕ್ಲಾಸ್ ಡಿ’ ಅಂತಾರ. ಡಿ ಅಂದ್ರ ಫೇಲ್ ಆದವರ ಕ್ಲಾಸಲ್ಲರಿ ಮತ್ತ! ಹಳೀ ಆಂಪ್ಲಿಫೈಯರ್ ಅರ್ಧ ಕರೆಂಟು ತನ್ನ ಮೈ ಕಾಸಿಕೊಳ್ಳಾಕೇ ತಿಂತಿತ್ತು, ಇದು ಬಹುತೇಕ ಎಲ್ಲಾ ಸ್ಪೀಕರಿಗೇ ಕೊಡ್ತದ. ಹಂಗಂತ ಉಳಿದ ಕರೆಂಟು ಉಳೀಲಿಲ್ಲ. ಮಾಲಕನ ಮಗ ಬಣ್ಣಬಣ್ಣದ ಎಲ್‌ಇಡಿ ಹಚ್ಯಾನ. ಕತ್ತಲದಾಗ ನಾ ಮಿಣಮಿಣ ಅಂತೀನಿ, ಬ್ಯಾಟರಿ ಗೊಣಗತದ.

ಹಣೆಯ ಮೇಲೆ ಸಾವಿರ ವ್ಯಾಟ್ ಇದೆಯಲ್ಲ?

(ಸ್ವಲ್ಪ ಗೊರಗೊರ.) 12 ವೋಲ್ಟಿಗಿ, ನಾಲ್ಕು ಓಮಿಗಿ, ಕಾಗದದ ಮ್ಯಾಲಿನ ಲೆಕ್ಕ ಹಿಡಿದ್ರೂ 18 ವ್ಯಾಟ್ ದಾಟಂಗಿಲ್ಲ. ಉಳಿದ 982 ಸ್ಟಿಕ್ಕರಿನವು. ಆದ್ರ ಸ್ಟಿಕ್ಕರ್ ಇಲ್ಲದ ಡಬ್ಬಿ ಯಾರು ಕರೀತಾರ್ರಿ? ಲಗ್ನಪತ್ರಿಕಿನ್ಯಾಗ ಹುಡುಗನ ಹೆಸರಿನ ಮುಂದ ಡಿಗ್ರಿ ಹಾಕಂಗಿಲ್ಲೇನು?

ಬಯಲಿನಲ್ಲಿ 18 ವ್ಯಾಟ್ ಸಾಕಾಗುತ್ತದೆಯೇ?

ಈಗ ಬಂದ್ರಿ ನೋಡ್ರಿ ಬರಾಬರ್ ಮಾತಿಗಿ. ಮನಿಯಾಗ ಗ್ವಾಡಿ ಇರ್ತಾವ, ಕೊಟ್ಟ ದನಿ ತಿರುಗಿ ಕೊಡ್ತಾವ. ಹೊಲದಾಗ ಏನದ? ತೊಗರಿ. ಅದು ಇಸ್ಕೋತದ, ವಾಪಸ್ ಕೊಡಂಗಿಲ್ಲ. ದೂರ ಎರಡು ಪಟ್ಟಾದಂಗ ದನಿ ಆರು ಡೆಸಿಬಲ್ ಕಡಿಮಿ. ಹಂಗಾರ ವ್ಯಾಟ್ ಏರಸೋಣು ಅಂದ್ರ, ಹತ್ತು ಪಟ್ಟು ಏರಿಸಿದ್ರ ಕಿವಿಗಿ ಎರಡೇ ಪಟ್ಟು ಅನಸ್ತದ. ಅಂದ್ರ 18ಕ್ಕ 180. ಬ್ಯಾಟರಿ ಹೊರಾಕ ಎತ್ತು ಬೇಕು! ಅದಕ್ಕಿಂತ ನನ್ನ ಎತ್ತಿ ಹತ್ತು ಹೆಜ್ಜಿ ಮುಂದ ಇಡ್ರಿ. ಪುಕ್ಕಟ.

ಡಬ್ಬಿಯೇ ಯಾಕೆ? ಬರೀ ಸ್ಪೀಕರ್ ಸಾಲದೇ?

ಸ್ಪೀಕರಿನ ಪರದಾ ಮುಂದ ಗಾಳಿ ದಬ್ಬಿದಾಗ ಹಿಂದ ಎಳೀತದ. ಮುಂದಿನದು ಹಿಂದಿನದು ಕೂಡಿದ್ರ ದಪ್ಪ ದನಿ ಅಲ್ಲೇ ಮಣ್ಣಾತು. ಅಣ್ಣತಮ್ಮರ ಹೊಲದ ಜಗಳ ಇದ್ದಂಗ, ನಡುವ ಬದು ಬೇಕು. ನಾನೇ ಬದು. ಆದ್ರ ಸಣ್ಣ ಸಂದಿ ಉಳಿದ್ರೂ ಭುಸ್ ಅಂತದ, ಅದಕ್ಕ ಮೂಲಿ ಮೂಲಿಗೂ ಫೆವಿಕಾಲ್ ಬಡಿದಾರ. ಒಳಗಿನ ದನಿ ಗ್ವಾಡಿಗಿ ಬಡಿದು ಗುಂಯ್ ಅನಬಾರದಂತ ಮಾಲಕನ ಅವ್ವ ಹಳೀ ಕೌದಿ ಹರಿದು ನನ್ನ ಹೊಟ್ಟ್ಯಾಗ ತುರುಕ್ಯಾಳ. ಪ್ಯಾಟ್ಯಾಗ ಅದಕ್ಕ ಏನೇನೋ ಫೈಬರ್ ಮಾರ್ತಾರ. ನಮ್ಮವ್ವನ ಕೌದಿಗಿ ಸರಿ ಬರಂಗಿಲ್ಲ.

ನಿಮ್ಮ ವಂಶದಲ್ಲಿ ಹಿರಿಯರು?

ಏಕತಾರಿಯ ಸೋರೀ ಬುರುಡಿ! ಮೊದಲು ಇದೇ ಜೇವರ್ಗಿ ತಾಲ್ಲೂಕಿನ್ಯಾಗಿದ್ದ ಕಡಕೋಳದಾಗ ಮಡಿವಾಳಪ್ಪನವರು ತತ್ವಪದ ಕಟ್ಟಿದವರಲ್ಲ, ಆ ಪದ ಇವತ್ತಿಗೂ ರಾತ್ರಿ ಭಜನ್ಯಾಗ ನಡೀತಾವ. ಒಂದು ತಂತಿ, ಒಂದು ಬುರುಡಿ, ಒಂದು ದಮ್ಮಡಿ. ವ್ಯಾಟ್ ಕೇಳಿದವರಿಲ್ಲ. ಒಂದೇ ಫರಕು: ಬುರುಡಿ ಅಜ್ಜ ತಾನೇ ನಡುಗಿ ಹಾಡತಿದ್ದ, ನಾ ನಡುಗಬಾರದು. ನಾ ನಡುಗಿದ್ರ ಪದ ಕೆಡ್ತದ. ಹೋದ ವರ್ಷ ಒಂದು ಭಜನ್ಯಾಗ ಎಲ್‌ಇಡಿ ಹಚ್ಚಿ ಅಜ್ಜನ ಪಕ್ಕದಾಗ ಇಟ್ಟಿದ್ರು. ಕರೆಂಟು ಹೋದ್ರೂ ಚಿಂತಿಲ್ಲ ಅಂತ ನಾ ಎದಿ ಉಬ್ಬಿಸಿದ್ದೆ. ಹಿರಿಯರೊಬ್ಬರು ಬಂದು ನನ್ನ ಬಂದ್ ಮಾಡಿ, “ಈಗ ಕೇಳಸ್ತದ” ಅಂದ್ರು.

ಅವಮಾನವೇ?

ಆಗ ಆಗಿತ್ತು. ಈಗ ಇಲ್ಲ.

ಬೇರೆ ತಾಲ್ಲೂಕುಗಳ ಅನುಭವ?

ಅಫಜಲಪುರದ ಕಡೀ ಕಬ್ಬಿನ ಸೀಜನ್ನಿನ್ಯಾಗ ಟ್ರ್ಯಾಕ್ಟರ್ ನೋಡೀರೇನು? ಡ್ರೈವರ್ ಕೂಡೂದು ಕಡಿಮಿ, ಡಬ್ಬಿ ಕೂಡೂದು ಜಾಸ್ತಿ. ಹಿಂದ ಬರೋ ಗಾಡಿ ಹಾರ್ನ್ ಹೊಡೆದ್ರ ಅದು ಹಾಡಿನ ಭಾಗ ಅಂತ ತಿಳೀತಾನ. ಗಾಣಗಾಪುರದ ಸಂಗಮದಾಗ ಭೀಮಾ ಅಮರ್ಜಾ ಎರಡೂ ನದಿ ಸಪ್ಪಳ ಇಲ್ಲದ ಕೂಡ್ತಾವ. ದಂಡಿಮ್ಯಾಲ ನಾವು ನಾಲ್ಕು ಡಬ್ಬಿ ಕೂಡಿದ್ರ ನಾಲ್ಕು ಹಾಡು. ಆಳಂದದ ಲಗ್ನದ ಮೆರವಣಿಗ್ಯಾಗ ನನ್ನ ಡಿಜೆ ಮುಂದ ನಿಲ್ಲಿಸಿದ್ರು. ಅಂದು ನನಗ ಉಪವಾಸ, ನಾ ಹಾಡಿದ್ದು ನನಗೇ ಕೇಳಲಿಲ್ಲ.

ಕಾನೂನು ಗೊತ್ತಿದೆಯೇ?

2000ನೇ ಇಸ್ವಿಯ ಶಬ್ದಮಾಲಿನ್ಯ ನಿಯಮ. ರಾತ್ರಿ ಹತ್ತರಿಂದ ಬೆಳಿಗ್ಗಿ ಆರರ ತನಕ ಖುಲ್ಲಾ ಜಾಗಾದಾಗ ಬಾಯಿ ಬಂದ್. ಮನಿಗಳಿರೋ ಕಡೀ ಹಗಲು 55 ಡೆಸಿಬಲ್, ರಾತ್ರಿ 45. ಹತ್ತು ಗಂಟಿ ಅಂದ್ರ ಯಾರ ಗಡಿಯಾರದ ಹತ್ತು ಅನ್ನೋದು ಮಾತ್ರ ಊರಿಂದೂರಿಗಿ ಬ್ಯಾರೆ.

ಕೊನೆಗೆ, ನಿಮ್ಮನ್ನು ಮಾಡಿದವರ ಮೇಲೆ ದೂರೇನಾದರೂ?

ಎರಡವ. ಒಂದು, ಕಪ್ಪು ಬಣ್ಣ. ಮೇ ತಿಂಗಳು ಕಲಬುರಗಿ ಬಿಸಿಲು 42 ದಾಟ್ತದ, ಬ್ಯಾಟರಿ ಒಳಗ ಕುದೀತದ. ಸೆಕಿ ಹತ್ತು ಡಿಗ್ರಿ ಏರಿದ್ರ ಅದರ ಆಯುಷ್ಯ ಅರ್ಧಕ್ಕ ಬರ್ತದ. ಇವರು ಶೋಕಿಗಿ ಕರೇ ಬಳಿದಾರ. ಎರಡನೇದು... (ಎಲ್‌ಇಡಿ ಒಮ್ಮೆ ಮಿಣುಕಿತು) ಬೈಕಿನ ಕ್ಯಾರಿಯರಿನ್ಯಾಗ ತಿಕ್ಕಿ ತಿಕ್ಕಿ ವೈರಿನ ಸಿಪ್ಪಿ ಸುಲಿದಿತ್ತು. ಎರಡು ತಂತಿ ಮುಟ್ಟಿದ್ವು. ಕೌದಿಗಿ ಹೊಗಿ ಹತ್ತಿತು. ಮಾಲಕ ಕ್ಯಾನಿನ ಕುಡಿಯೋ ನೀರು ಸುರುವಿ ಉಳಿಸ್ಯಾನ. ಎಲ್‌ಇಡಿಗಿ ಮುನ್ನೂರು ರೂಪಾಯಿ ಇತ್ತು, ಫ್ಯೂಸಿಗಿ ಹತ್ತು ಇರಲಿಲ್ಲ.

ಇಂಥ ಡಬ್ಬಿ ಮಾಡಲು ಹೊರಟ ಓದುಗರಲ್ಲಿ ಅದರ ಪರವಾಗಿ ಒಂದೇ ವಿನಂತಿ: ಬ್ಯಾಟರಿಯ ಪ್ಲಸ್ ತಂತಿಗೆ, ಬ್ಯಾಟರಿಯ ಪಕ್ಕದಲ್ಲೇ, 5 ಆಂಪಿಯರಿನ ಫ್ಯೂಸ್ ಹಾಕಿ. ಸ್ಟಿಕ್ಕರ್ ಆಮೇಲೆ ಅಂಟಿಸಿದರಾಯಿತು.